ಸ್ಟೇಪಲ್ ಸಾಲನ್ನು ಎಸೆಯದೆ ಅಂಚು ನೋಡಿದ ಬಗೆ: ನನ್ನ ಅನುಭವ

ಕರುಳನ್ನು ಲೋಹದ ಪಿನ್ನುಗಳಿಂದ ಮುಚ್ಚಿ ಕತ್ತರಿಸುವ ಸ್ಟೇಪ್ಲರ್ ಬಳಸಿ ತೆಗೆದ, ಗಡ್ಡೆಯಿರುವ ಗುದನಾಳದ ಸ್ಪೆಸಿಮನ್ ಪೆಥಾಲಜಿ ಲ್ಯಾಬಿನಲ್ಲಿ ಗ್ರಾಸಿಂಗ್‌ಗೆ (ಕಣ್ಣಿನಿಂದ ಪರೀಕ್ಷಿಸಿ, ತುಂಡು ಆಯುವ ಹಂತಕ್ಕೆ) ಬಂದಾಗ ನಾವೆಲ್ಲ ಸ್ಟೇಪಲ್ ಸಾಲನ್ನು ಕತ್ತರಿಸಿ ತೆಗೆದು, ಉಳಿದ ಅಂಚಿಗೆ ಇಂಕ್ ಹಚ್ಚಿ, ಅದನ್ನೇ ಕೆಳಗಿನ ಅಂಚೆಂದು (ಗಡ್ಡೆಯ ಕೆಳಗೆ ಕರುಳನ್ನು ಕತ್ತರಿಸಿದ ಕೊನೆಯೆಂದು) ಬರೆಯುತ್ತೇವೆ. ಗಡ್ಡೆ ಐದಾರು ಸೆಂಟಿಮೀಟರ್ ದೂರದಲ್ಲಿದ್ದರೆ ಇದರಿಂದ ನಷ್ಟವಿಲ್ಲ. ಆದರೆ ಅದು ಒಂದು ಸೆಂಟಿಮೀಟರ್‌ನೊಳಗೆ ಬಂದಿರುವಾಗ, ಸ್ಟೇಪಲ್‌ಗಳ ಜೊತೆ ಕಸಕ್ಕೆ ಹೋಗುವ ಅರ್ಧ ಸೆಂಟಿಮೀಟರ್ ಪಟ್ಟಿಯ ಮೇಲೆಯೇ ವರದಿ ನಿಂತಿರುತ್ತದೆ. ಆ ಪಟ್ಟಿಯನ್ನೂ ನೋಡುತ್ತೇನೆಂದಾಗ ನಕ್ಕ ಹಿರಿಯರು ಈಗ ಅಂಥ ಕೇಸುಗಳನ್ನು ನನ್ನ ಮೇಜಿಗೇ ಕಳಿಸುತ್ತಾರೆ.

ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಬಿಡಿಸಲು ಹೋದರೆ ಸ್ಟೇಪಲ್ ಜೊತೆ ಲೋಳೆಪೊರೆಯೂ ಕಿತ್ತು ಬರುತ್ತಿತ್ತು. ಮೂಳೆ ಮೃದುಗೊಳಿಸುವ ಆಮ್ಲದಲ್ಲಿಡಿ ಎಂದು ಒಬ್ಬರು ಸಲಹೆಯಿತ್ತರು. ಟೈಟಾನಿಯಂ ಅದಕ್ಕೆಲ್ಲ ಕರಗುವುದುಂಟೇ, ನ್ಯೂಕ್ಲಿಯಸ್‌ಗಳ ಬಣ್ಣ ಕೆಟ್ಟಿತಷ್ಟೇ. ಅಂಗಾಂಶವಿಟ್ಟ ಮೇಣದ ಬ್ಲಾಕಿನಲ್ಲಿ ಉಳಿದ ಒಂದೊಂದು ಲೋಹದ ಚೂರೂ ಒಂದೊಂದು ಮೈಕ್ರೋಟೋಮ್ (ಬ್ಲಾಕನ್ನು ತೆಳುವಾಗಿ ಸೀಳುವ ಯಂತ್ರ) ಬ್ಲೇಡನ್ನು ತಿಂದಿತು. ಬ್ಲೇಡಿಗೆ ಸುಮಾರು 150 ರೂಪಾಯಿಯೆಂದರೂ ಐದಾರು ಸಾವಿರ ಹೋಗಿರಬೇಕು. ನನ್ನ ಬ್ಲಾಕುಗಳನ್ನು ಕಂಡರೆ ಟೆಕ್ನಿಶಿಯನ್ ಮುಖ ತಿರುಗಿಸುತ್ತಿದ್ದರು.

ಕೊನೆಗೆ ಕೈಹಿಡಿದದ್ದು ಹಸಿ ಸ್ಪೆಸಿಮನ್. ಅದನ್ನು ಥಿಯೇಟರಿನಿಂದ ನೇರವಾಗಿ ತರಿಸಿಕೊಂಡು, ಮೀಸೋರೆಕ್ಟಮ್‌ನ (ಗುದನಾಳವನ್ನು ಸುತ್ತುವರಿದ ಕೊಬ್ಬಿನ ಪದರದ) ಮೇಲ್ಮೈ ನೋಡಿ, ಅಳತೆ ತೆಗೆದು, ಇಂಕ್ ಹಚ್ಚಿದ ಮೇಲೆ, ಗಡ್ಡೆಗೆ ತೀರ ಹತ್ತಿರವಿರುವ ಎರಡು ಸೆಂಟಿಮೀಟರ್‌ನಷ್ಟು ಉದ್ದದ ಸ್ಟೇಪಲ್‌ಗಳನ್ನು ಮಾತ್ರ ಭೂತಗನ್ನಡಿಯಡಿ ಬಿಡಿಸುತ್ತೇನೆ. ಇಂಗ್ಲಿಷಿನ ಬಿ ಅಕ್ಷರದಂತೆ ಮಡಿಚಿಕೊಂಡಿರುವ ಎರಡೂ ಕಾಲುಗಳನ್ನು ಮೊದಲು ನೆಟ್ಟಗೆ ಮಾಡಿ, ಆಮೇಲೆ ಬೆನ್ನಿನ ಕಡೆಯಿಂದ ಎಳೆಯಬೇಕು. ಅವಸರಪಟ್ಟರೆ ಅಂಚು ಹರಿಯುತ್ತದೆ. ಗಡಿಯಾರ ರಿಪೇರಿಯವರ ಚಿಮುಟ ಸಾಕು, ಮುನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಅದರ ತುದಿಯನ್ನು ಹೇಗೆ ಉಜ್ಜಿಕೊಂಡಿದ್ದೇನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಅರ್ಧ ಗಂಟೆ ಹಿಡಿಯುತ್ತದೆ. ಬಳಿಕ ಗಡ್ಡೆಯ ಭಾಗವನ್ನು ಸೀಳದೆ ಒಳಗೆ ಫಾರ್ಮಲಿನ್‌ನಲ್ಲಿ ತೊಯ್ದ ಗಾಜ್ ತುಂಬಿ ಎರಡು ದಿನ ಬಿಡುತ್ತೇನೆ. ಸ್ಲೈಡಿನಲ್ಲಿ ತೂತುಗಳು ಕಂಡರೂ ಓದಲು ಅಡ್ಡಿಯಿಲ್ಲ.

ಹಸಿಯಾಗಿ ಕೈಗೆ ಬಂದಿದೆಯಲ್ಲ ಎಂದು ಕೆಲವು ಸ್ಪೆಸಿಮನ್‌ಗಳ ರಕ್ತನಾಳಕ್ಕೆ ಮೆಥಿಲೀನ್ ಬ್ಲೂ ಚುಚ್ಚಿ ನೋಡಿದೆ. ರೇಡಿಯೇಷನ್ ಆದವರಲ್ಲಿ ವರದಿಗೆ ಸಾಮಾನ್ಯವಾಗಿ ಬೇಕೆನ್ನುವ ಕನಿಷ್ಠ 12 ಲಿಂಫ್ ನೋಡ್ (ದುಗ್ಧಗ್ರಂಥಿ) ಹುಡುಕುವ ಪಾಡು ನಿಮಗೆಲ್ಲ ಗೊತ್ತು; ನೀಲಿ ಬಣ್ಣ ಹಿಡಿದ ಸಣ್ಣ ನೋಡ್‌ಗಳು ಕೊಬ್ಬಿನ ನಡುವೆ ಬೇಗ ಕಣ್ಣಿಗೆ ಬಿದ್ದವು.

ಕರುಳಿನ ಎರಡು ತುದಿಗಳನ್ನು ಜೋಡಿಸುವಾಗ ವೃತ್ತಾಕಾರದ ಸ್ಟೇಪ್ಲರ್ ಕತ್ತರಿಸುವ ಉಂಗುರಗಳೇ ಡೋನಟ್‌ಗಳು. ಅವುಗಳಲ್ಲಿ ಲೋಹವಿರದೆಂದು ನೇರವಾಗಿ ಕ್ಯಾಸೆಟ್‌ಗೆ (ಅಂಗಾಂಶದ ತುಂಡು ಇಡುವ ಪುಟ್ಟ ಡಬ್ಬಿಗೆ) ಹಾಕುವವರಿದ್ದಾರೆ. ಆದರೆ ಡಬಲ್ ಸ್ಟೇಪ್ಲಿಂಗ್ ಮಾಡಿದ್ದರೆ (ಗುದನಾಳವನ್ನು ಮೊದಲು ಅಡ್ಡ ಸ್ಟೇಪಲ್ ಸಾಲಿನಿಂದ ಮುಚ್ಚಿ, ಆಮೇಲೆ ಅದರ ಮೂಲಕವೇ ವೃತ್ತಾಕಾರದ ಸ್ಟೇಪ್ಲರ್‌ನಿಂದ ಜೋಡಿಸಿದ್ದರೆ) ಕೆಳಗಿನ ಡೋನಟ್‌ನಲ್ಲಿ ಆ ಅಡ್ಡ ಸಾಲಿನ ತುಣುಕುಗಳು ಉಳಿದಿರುತ್ತವೆ, ಮೇಲಿನದರಲ್ಲಿ ಸಾಮಾನ್ಯವಾಗಿ ಕರುಳಿನ ಬಾಯಿಯನ್ನು ಬಿಗಿಯುವ ಪರ್ಸ್‌ಸ್ಟ್ರಿಂಗ್ ದಾರವಿರುತ್ತದೆ. ಎರಡನ್ನೂ ಹೆಸರಿಲ್ಲದೆ ಒಂದೇ ಬಾಟಲಿಗೆ ಹಾಕಿ ಕಳಿಸಿದಾಗ ನಾನು ಮೊದಲು ಹುಡುಕುವುದು ಆ ದಾರವನ್ನು. ಆದರೂ ವರದಿ ಬರೆಯುವ ಮುನ್ನ ಸರ್ಜನ್‌ಗೆ ಫೋನ್ ಮಾಡಿಯೇ ಮಾಡುತ್ತೇನೆ.