ಕಿಟಕಿಯ ಕಾಮನಬಿಲ್ಲು, ಗೋಡೆಯ ಕೆಂಪು ಹೃದಯ: ಬ್ರಿಟನ್‌ಗೆ ಹೊಸದಾಗಿ ಬಂದವರಿಗೆ

ಕೆಲವು ಮನೆಗಳ ಕಿಟಕಿಯಲ್ಲಿ ಬಣ್ಣ ಮಾಸಿದ ಕಾಮನಬಿಲ್ಲು ಕಂಡರೆ ಅದು ಹೆಚ್ಚಾಗಿ 2020ರ ಲಾಕ್‌ಡೌನಿನದು. ಶಾಲೆ ಮುಚ್ಚಿತ್ತು. ಮಕ್ಕಳು ಕಾಗದಕ್ಕೆ ಬಣ್ಣ ಬಳಿದು, ಆಸ್ಪತ್ರೆಯವರಿಗೆ ಥ್ಯಾಂಕ್ಸ್ ಅಂತ ಬರೆದು, ರಸ್ತೆಗೆ ಕಾಣುವ ಹಾಗೆ ಅಂಟಿಸಿದರು. ಎಲ್‌ಜಿಬಿಟಿ ಸಮುದಾಯದ ಪ್ರೈಡ್ ಬಾವುಟ ಬೇರೆ, ಅದರಲ್ಲಿ ಸಾಮಾನ್ಯವಾಗಿ ಆರು ನೇರ ಪಟ್ಟಿ ಇರುತ್ತವೆ. ಇದು ಮಕ್ಕಳು ಬರೆದ ಕಮಾನು.

ಆ ವರ್ಷ ಮಾರ್ಚ್ 26ರಿಂದ ಹತ್ತು ವಾರ, ಪ್ರತಿ ಗುರುವಾರ ರಾತ್ರಿ 8ಕ್ಕೆ ಜನ ಬಾಗಿಲಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟಿದರು, ಪಾತ್ರೆ ಬಡಿದರು. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಕೆಲಸ ಮಾಡುವವರ ಮುಂದೆ ಇದನ್ನು ಹೊಗಳುವ ಮೊದಲು ಸ್ವಲ್ಪ ತಡೆಯಿರಿ. ಚಪ್ಪಾಳೆ ಇರಲಿ, ಸಂಬಳ ಮತ್ತು ಪಿಪಿಇ (ಮಾಸ್ಕ್, ಗೌನಿನಂಥ ರಕ್ಷಣೆಯ ಸಾಮಗ್ರಿ) ಕೊಡಿ ಅಂದವರು ಅವರಲ್ಲಿ ಬಹಳ ಮಂದಿ. ನನಗಂತೂ ಅದು ನ್ಯಾಯವಾದ ಮಾತು ಅನಿಸುತ್ತದೆ.

ಗುರುತು ಹೇಳದೆ ಬೀದಿ ಗೋಡೆಗಳ ಮೇಲೆ ಚಿತ್ರ ಬರೆಯುವ ಕಲಾವಿದ ಬ್ಯಾಂಕ್ಸಿ ಹೆಸರು ಕೇಳಿರುತ್ತೀರಿ. 2020ರ ಮೇ ತಿಂಗಳಲ್ಲಿ ಸೌತಾಂಪ್ಟನ್ ಆಸ್ಪತ್ರೆಗೆ ಅವರ ಚಿತ್ರವೊಂದು ಬಂತು: ಬ್ಯಾಟ್‌ಮನ್, ಸ್ಪೈಡರ್‌ಮನ್ ಬುಟ್ಟಿಯಲ್ಲಿ ಬಿದ್ದಿದ್ದಾರೆ, ಹುಡುಗ ನರ್ಸ್ ಗೊಂಬೆ ಹಿಡಿದು ಆಡುತ್ತಿದ್ದಾನೆ. ಮರುವರ್ಷ ಹರಾಜಿನಲ್ಲಿ ಅದಕ್ಕೆ ಶುಲ್ಕ ಸೇರಿ ಸುಮಾರು 1.68 ಕೋಟಿ ಪೌಂಡ್ ಬಂತು.

ಲಂಡನ್ನಿಗೆ ಹೋದರೆ ಮಾತ್ರ ಒಂದು ಗೋಡೆಯನ್ನು ತಪ್ಪಿಸಬೇಡಿ. ಥೇಮ್ಸ್ ದಡದಲ್ಲಿ, ಪಾರ್ಲಿಮೆಂಟಿಗೆ ಎದುರಾಗಿ, ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಕೈಯಲ್ಲಿ ಬರೆದ ಕೆಂಪು ಹೃದಯಗಳಿವೆ. ಕೋವಿಡ್‌ನಿಂದ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚ್ ಕೊನೆಗೆ, ಮನೆಯವರನ್ನು ಕಳೆದುಕೊಂಡವರೇ ಶುರು ಮಾಡಿದ್ದು. ಸರ್ಕಾರ ಕಟ್ಟಿಸಿದ ಸ್ಮಾರಕ ಅಲ್ಲ, ಯಾರ ಅನುಮತಿಗೂ ಕಾಯಲಿಲ್ಲ. ಪಾರ್ಲಿಮೆಂಟಿನಲ್ಲಿ ಕೂತವರಿಗೆ ಕಾಣಲಿ ಅಂತಲೇ ಆ ಜಾಗ, ಅದಕ್ಕೇ ಇದನ್ನು ಬರೀ ಭರವಸೆಯ ಚಿತ್ರ ಅನ್ನಲು ನನಗೆ ಮನಸ್ಸಿಲ್ಲ, ಇದರಲ್ಲಿ ಸಿಟ್ಟೂ ಇದೆ. ಮೊದಲು ಪೆನ್ನಿನಲ್ಲಿ ಬರೆದದ್ದು ಬಿಸಿಲಿಗೆ ಗುಲಾಬಿಯಾಯಿತು, ಈಗ ಸ್ವಯಂಸೇವಕರು ಗೋಡೆಗೆ ಬಳಿಯುವ ಗಟ್ಟಿ ಬಣ್ಣದಲ್ಲಿ ಮತ್ತೆ ಮತ್ತೆ ತಿದ್ದುತ್ತಾರೆ. ಹೃದಯಗಳು 2 ಲಕ್ಷ ದಾಟಿವೆ. ಒಳಗಿನ ಹೆಸರುಗಳನ್ನು ಓದಿ. ಮೊದಲ ಅಲೆಯಲ್ಲಿ ತೀರಿಕೊಂಡ ಡಾಕ್ಟರು, ನರ್ಸುಗಳಲ್ಲಿ ನಮ್ಮ ಹಾಗೆ ಹೊರಗಿಂದ ಬಂದವರು ಬಹಳ ಇದ್ದರು. ಅಲ್ಲಿ ನಿಂತು ನಗುತ್ತಾ ಸೆಲ್ಫಿ ತೆಗೆಯುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ. ಪಕ್ಕದಲ್ಲಿ ನಿಂತವರು ತಾಯಿಯ ಹೆಸರು ಹುಡುಕುತ್ತಿರಬಹುದು.

ಇನ್ನು ನಿಮ್ಮ ಬೀದಿಯ ವಿಷಯ. ಲಾಕ್‌ಡೌನಿನಲ್ಲಿ ನೆರೆಯವರು "ಸಾಮಾನು ತಂದುಕೊಡಬೇಕಾ? ಫೋನ್ ಮಾಡಿ" ಅಂತ ಚೀಟಿ ಬರೆದು ಬಾಗಿಲ ಸಂದಿಯಲ್ಲಿ ಹಾಕಿದ್ದರಿಂದ ಶುರುವಾದ ವಾಟ್ಸಾಪ್ ಗ್ರೂಪುಗಳು ಎಷ್ಟೋ ಕಡೆ ಇನ್ನೂ ನಡೆಯುತ್ತಿವೆ, ಈಗ ಅಲ್ಲಿ ಏಣಿ ಬೇಕಾ, ಪಾರ್ಸೆಲ್ ಯಾರದು ಅನ್ನೋ ಮಾತು. ಹೊಸದಾಗಿ ಬಂದವರನ್ನು ತಾವಾಗಿ ಯಾರೂ ಸೇರಿಸುವುದಿಲ್ಲ. ಪಕ್ಕದ ಮನೆಯವರನ್ನು ನೀವೇ ಕೇಳಿ. ಕಿಟಕಿಯ ಕಾಮನಬಿಲ್ಲಿನ ಬಗ್ಗೆ ಕೇಳಿದರೆ ಮಾತು ಸಲೀಸಾಗಿ ಶುರುವಾಗುತ್ತದೆ, ಆಮೇಲೆ ಗ್ರೂಪಿನ ವಿಷಯ ಎತ್ತಿ.

ಮಕ್ಕಳಿಗೂ ಬರೆಯುವ ಆಸೆ ಬಂದರೆ ಕಿಟಕಿಯ ಒಳಗಡೆ ಕಾಗದ ಅಂಟಿಸಿ. ಬಾಡಿಗೆ ಮನೆಯ ಹೊರಗೋಡೆ ಮುಟ್ಟುವ ಮೊದಲು ಮಾಲೀಕರನ್ನು ಕೇಳಲೇಬೇಕು, ಬೇರೆಯವರ ಗೋಡೆಗೆ ಒಪ್ಪಿಗೆ ಇಲ್ಲದೆ ಬಣ್ಣ ಬಳಿದರೆ ಇಲ್ಲಿ ಅಪರಾಧ. ಸ್ಪ್ರೇ ಡಬ್ಬಿಯೇ ಬೇಕು ಅಂತ ಹಟ ಮಾಡುವ ದೊಡ್ಡ ಮಕ್ಕಳಿದ್ದರೆ ವಾಟರ್‌ಲೂ ಸ್ಟೇಷನ್ ಕೆಳಗಿನ ಲೀಕ್ ಸ್ಟ್ರೀಟ್ ಸುರಂಗಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಆದರೆ ನಿಮ್ಮ ಚಿತ್ರದ ಮೇಲೆ ಇನ್ನೊಬ್ಬರು ಬರೆಯಲು ಜಾಸ್ತಿ ಹೊತ್ತು ಬೇಕಾಗಿಲ್ಲ, ಫೋಟೋ ತಕ್ಷಣ ತೆಗೆದುಕೊಳ್ಳಿ.