ಒಂಬತ್ತು ಪುಟದ ಡೈರಿಯನ್ನು ಮಕ್ಕಳ ಜೊತೆ ಓದಿದ್ದು ಹೀಗೆ

ಯುದ್ಧಕಾಲದ ಡೈರಿ ಅಂದ ಕೂಡಲೇ ನಮ್ಮ ಮಕ್ಕಳ ಬಾಯಿಗೆ ಬರುವ ಹೆಸರು ಆನ್ ಫ್ರಾಂಕ್. ಎರಡನೇ ಮಹಾಯುದ್ಧದ ಪಾಠ ಮುಗಿದ ಮೇಲೆ ನಾನು ಹತ್ತನೇ ತರಗತಿಯವರ ಜೊತೆ ಓದುವುದು ರಷ್ಯಾದ ಹುಡುಗಿ ತಾನ್ಯಾ ಸಾವಿಚೆವಾ ಬರೆದಿಟ್ಟದ್ದನ್ನು. ಅದು ಇರುವುದೇ ಒಂಬತ್ತು ಪುಟ, ಪುಟಕ್ಕೆ ಕೆಲವೇ ಪದ. ದೊಡ್ಡ ಡೈರಿಯಿಂದ ಆಯ್ದ ಭಾಗ ಕೊಟ್ಟರೆ ಮಕ್ಕಳು ಓದುವುದು ನನ್ನ ಆಯ್ಕೆಯನ್ನು. ಇಲ್ಲಿ ಬಿಡುವುದಕ್ಕೆ ಏನೂ ಇಲ್ಲ, ಇಡೀ ಡೈರಿಯೇ ಅವರ ಕೈಗೆ ಸಿಗುತ್ತದೆ.

ತಾನ್ಯಾ ಹುಟ್ಟಿದ್ದು 1930ರಲ್ಲಿ. ಜರ್ಮನ್ ಸೇನೆ 1941ರ ಸೆಪ್ಟೆಂಬರ್ 8ರಂದು ಈಗ ಸೇಂಟ್ ಪೀಟರ್ಸ್‌ಬರ್ಗ್ ಎನ್ನುವ ಲೆನಿನ್‌ಗ್ರಾಡಿನ ದಾರಿಗಳನ್ನು ಮುಚ್ಚಿದಾಗ ಅವಳಿಗೆ ಹನ್ನೊಂದು ವರ್ಷ. ಆ ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿ 27ಕ್ಕೆ. ಅವಳು ಬರೆದದ್ದು ಅಕ್ಕ ನೀನಾಳ ಪುಟ್ಟ ನೋಟ್‌ಬುಕ್ಕಿನಲ್ಲಿ. ಅದರ ಅರ್ಧ ಭಾಗದಲ್ಲಿ ವಿಳಾಸ, ಫೋನ್ ನಂಬರು ಬರೆದುಕೊಳ್ಳಲು ಅಂಚಿನಲ್ಲಿ ಒಂದೊಂದು ಅಕ್ಷರ ಹಾಕಿದ ಖಾಲಿ ಪುಟಗಳಿದ್ದವು. ಮನೆಯಲ್ಲಿ ಯಾರು ತೀರಿಕೊಂಡರೋ ಅವರ ಹೆಸರಿನ ಅಕ್ಷರದ ಪುಟ ತೆಗೆದು ತಾರೀಖು, ಗಂಟೆ ಬರೆದಳು.

ಒಂಬತ್ತು ಪುಟಗಳನ್ನು ಒಂಬತ್ತು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು, ರಷ್ಯನ್ ಅಕ್ಷರಮಾಲೆಯ ಕ್ರಮದಲ್ಲೇ ಜೋಡಿಸಿ ಮಕ್ಕಳಿಗೆ ಕೊಡುತ್ತೇನೆ. ಹಾಗೆ ಓದಿದರೆ ಮೊದಲು ಅಜ್ಜಿ, ಆಮೇಲೆ ವಾಸ್ಯಾ ಚಿಕ್ಕಪ್ಪ, ಆಮೇಲೆ ಅಕ್ಕ ಝೆನ್ಯಾ ಬರುತ್ತಾರೆ. "ಉಳಿದವಳು ತಾನ್ಯಾ ಒಬ್ಬಳೇ" ಎಂಬ ಪುಟ "ಸಾವಿಚೆವ್ ಮನೆಯವರು ತೀರಿಕೊಂಡರು" ಎಂಬುದಕ್ಕಿಂತ ಮುಂಚೆಯೇ ಬಂದುಬಿಡುತ್ತದೆ. ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ಆಮೇಲೆ ತಾವಾಗಿಯೇ ತಾರೀಖಿನ ಪ್ರಕಾರ ಜೋಡಿಸತೊಡಗುತ್ತಾರೆ. ಈ ಕೆಲಸ ಅವರೇ ಮಾಡಬೇಕು, ನಾನು ಬಾಯಿ ಹಾಕುವುದಿಲ್ಲ. ಝೆನ್ಯಾ 1941ರ ಡಿಸೆಂಬರ್ 28. ಅಜ್ಜಿ 1942ರ ಜನವರಿ 25, ಮಧ್ಯಾಹ್ನ 3 ಗಂಟೆ. ಅಣ್ಣ ಲೇಕಾ ಮಾರ್ಚ್ 17, ಬೆಳಗಿನ ಜಾವ 5. ವಾಸ್ಯಾ ಚಿಕ್ಕಪ್ಪ ಏಪ್ರಿಲ್ 13. ಲ್ಯೋಶಾ ದೊಡ್ಡಪ್ಪ ಮೇ 10. ಅಮ್ಮ ಮೇ 13, ಬೆಳಿಗ್ಗೆ 7.30. ಕೊನೆಯ ಇಬ್ಬರ ಪುಟದಲ್ಲಿ ಹೆಸರು, ತಾರೀಖು, ಗಂಟೆ ಮಾತ್ರ. ತೀರಿಕೊಂಡರು ಎಂಬ ಮಾತೇ ಇಲ್ಲ. ಇದನ್ನು ನಾನು ತೋರಿಸಬೇಕಾದ ಪ್ರಸಂಗ ಇದುವರೆಗೆ ಬಂದಿಲ್ಲ, ಯಾವುದಾದರೂ ಮಗು ಕಂಡುಹಿಡಿಯುತ್ತದೆ.

ಇಷ್ಟಾದ ಮೇಲೆ ಲ್ಯಾಬಿನಿಂದ ತಕ್ಕಡಿ ತರಿಸುತ್ತೇನೆ. 1941ರ ನವೆಂಬರ್ 20ರಿಂದ ಲೆನಿನ್‌ಗ್ರಾಡಿನಲ್ಲಿ ಕಾರ್ಖಾನೆ ಕಾರ್ಮಿಕರಿಗೆ ದಿನಕ್ಕೆ 250 ಗ್ರಾಂ ಬ್ರೆಡ್, ಮಕ್ಕಳಿಗೆ 125 ಗ್ರಾಂ. ಬೇಕರಿ ಬ್ರೆಡ್ಡನ್ನು 125 ಗ್ರಾಂ ತೂಗಿ ಇಟ್ಟರೆ ನಾಲ್ಕೈದು ಚೂರು ಆಗುತ್ತದೆ. ಮಕ್ಕಳಿಗೆ ಅದು ಪರವಾಗಿಲ್ಲ ಅನ್ನಿಸುತ್ತದೆ. ಆಗ ಎರಡು ವಿಷಯ ಹೇಳುತ್ತೇನೆ. ಆ ಬ್ರೆಡ್ಡಿನಲ್ಲಿ ನೀರು ಹೆಚ್ಚು, ಹಿಟ್ಟಿನ ಜೊತೆ ಮರದ ಸೆಲ್ಯುಲೋಸ್‌ನಂಥದ್ದೆಲ್ಲ ಬೆರೆಸುತ್ತಿದ್ದರು, ಹಾಗಾಗಿ ಅದೇ ತೂಕದ ತುಂಡು ಇನ್ನೂ ಚಿಕ್ಕದು. ಎರಡನೆಯದು, ನಮ್ಮ ಬಿಸಿಯೂಟದಲ್ಲಿ ದೊಡ್ಡ ಮಕ್ಕಳಿಗೆ ಒಂದು ಹೊತ್ತಿಗೇ 150 ಗ್ರಾಂ ಅಕ್ಕಿಯ ಲೆಕ್ಕವಿದೆ. ಬಿಸಿಯೂಟದ ತಟ್ಟೆ ಅವರಿಗೆ ದಿನಾ ಗೊತ್ತಿರುವುದರಿಂದ ಅಂಕಿ ತಟ್ಟನೆ ತಾಗುತ್ತದೆ.

ಇಲ್ಲಿಂದ ಬರುವ ಪ್ರಶ್ನೆಗಳು ನನ್ನನ್ನೂ ಓದಿಸಿವೆ. "ಮೇಡಂ, ಡಿಸೆಂಬರ್ ಕೊನೆಗೆ ರೇಷನ್ ಜಾಸ್ತಿ ಮಾಡಿದ್ರು ಅಂತೀರಿ, ಮತ್ತೆ ಇವರೆಲ್ಲ ಮಾರ್ಚ್‌, ಮೇನಲ್ಲಿ ಯಾಕೆ ಹೋದ್ರು?" ಎಂದು ಒಬ್ಬಳು ಕೇಳಿದಳು. ತಿಂಗಳುಗಟ್ಟಲೆ ಹಸಿದ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಂಡಿರುತ್ತದೆ, ಸ್ವಲ್ಪ ಹೆಚ್ಚು ಬ್ರೆಡ್ ಸಿಕ್ಕ ಮಾತ್ರಕ್ಕೆ ಅದು ಚೇತರಿಸಿಕೊಳ್ಳುವುದಿಲ್ಲ. ಈ ಉತ್ತರ ಕೊಡಲು ವಿಜ್ಞಾನದ ಮೇಷ್ಟ್ರನ್ನು ತರಗತಿಗೆ ಕರೆದೆ. ಇನ್ನೊಬ್ಬ ಕೇಳಿದ್ದು, "ಪ್ರತಿಯೊಂದಕ್ಕೂ ಗಂಟೆ ಬರ್ದಿದಾಳಲ್ಲ, ಗಡಿಯಾರ ನೋಡ್ತಾ ಇದ್ದವರು ಯಾರು?" ಆ ಪ್ರಶ್ನೆಗೆ ಡೈರಿಯೊಳಗೆ ಉತ್ತರವಿಲ್ಲ ಎಂದು ಬೋರ್ಡಿನ ಮೇಲೆ ಬರೆದೆವು.

ನನ್ನ ಮಟ್ಟಿಗೆ ಈ ಓದಿನ ತಿರುಳು ಕೊನೆಯ ಪುಟದಲ್ಲಿದೆ. ಉಳಿದವಳು ತಾನ್ಯಾ ಒಬ್ಬಳೇ ಎಂದು ಅವಳು ಬರೆದಳು. ನಿಜವಾಗಿ ನೀನಾ ಬದುಕಿದ್ದಳು, 1942ರ ಫೆಬ್ರವರಿ ಕೊನೆಗೆ ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲಿಂದ ಅವಳನ್ನು ನಗರದಾಚೆ ಸಾಗಿಸಿದ್ದರು. ಮನೆಗೆ ಸುದ್ದಿ ಮುಟ್ಟಿರಲಿಲ್ಲ. ಅಣ್ಣ ಮಿಖಾಯಿಲ್ ಕೂಡ ನಗರದ ಹೊರಗೆ ಬದುಕಿದ್ದ. ತಾನ್ಯಾಳನ್ನು 1942ರ ಆಗಸ್ಟಿನಲ್ಲಿ ಗೋರ್ಕಿ ಪ್ರಾಂತ್ಯಕ್ಕೆ ಕಳಿಸಿದರು, ಅಲ್ಲಿ 1944ರ ಜುಲೈ 1ರಂದು ಕ್ಷಯದಿಂದ ತೀರಿಕೊಂಡಳು. ಆಗ ಹದಿನಾಲ್ಕು. ಹಾಗಾದರೆ ಅವಳು ಬರೆದದ್ದು ಸುಳ್ಳೇ ಎಂದು ಮಕ್ಕಳನ್ನೇ ಕೇಳುತ್ತೇನೆ. ವಾದ ಜೋರಾಗುತ್ತದೆ. ಹನ್ನೆರಡು ವರ್ಷದ ಹುಡುಗಿಗೆ ಆ ದಿನ ಎಷ್ಟು ಗೊತ್ತಿತ್ತೋ ಅಷ್ಟಕ್ಕೆ ಆ ಪುಟ ಸಾಕ್ಷಿ, ಮನೆಯಲ್ಲಿ ಯಾರು ಉಳಿದರು ಎಂಬುದಕ್ಕೆ ಬೇರೆ ದಾಖಲೆ ಬೇಕು ಎಂಬಲ್ಲಿಗೆ ಅವರೇ ಬಂದು ನಿಲ್ಲುತ್ತಾರೆ. ಪಠ್ಯಪುಸ್ತಕದ "ಆಧಾರಗಳು" ಪಾಠದಿಂದ ಇದು ತಲೆಗೆ ಹೋದದ್ದನ್ನು ನಾನು ಕಂಡಿಲ್ಲ.

ನೀನೇ ತಾನ್ಯಾ ಎಂದುಕೊಂಡು ಒಂದು ಪುಟ ಬರೆ ಎಂಬ ಚಟುವಟಿಕೆಯನ್ನು ನಾನು ಕೊಡುವುದಿಲ್ಲ. ಆ ಹಸಿವನ್ನು ಅಭಿನಯಿಸಿ ಅಂಕ ಪಡೆಯುವುದು ನನಗೆ ಒಪ್ಪಿಗೆಯಿಲ್ಲ. ಅದರ ಬದಲು, ಈ ಮನೆಯ ಬಗ್ಗೆ ಇನ್ನೂ ತಿಳಿಯಬೇಕಾದರೆ ಏನೇನು ಹುಡುಕುತ್ತೀರಿ ಎಂದು ಪಟ್ಟಿ ಬರೆಸುತ್ತೇನೆ. ಹೋದ ಸಲದ ಪಟ್ಟಿಯಲ್ಲಿ ರೇಷನ್ ಕಾರ್ಡು, ಝೆನ್ಯಾಳ ಕಾರ್ಖಾನೆಯ ಹಾಜರಿ ಪುಸ್ತಕ, ಸ್ಮಶಾನದ ರಿಜಿಸ್ಟರು, ಪಕ್ಕದ ಮನೆಯವರ ನೆನಪು, ನೀನಾ ಮನೆಗೆ ಬರೆದಿರಬಹುದಾದ ಕಾಗದ ಇದ್ದವು.