ಅಮೆರಿಕದಲ್ಲಿ ಕಪ್ಪು ವರ್ಣೀಯ ಮಾಜಿ ಸೈನಿಕರಿಗೆ ಕೆಲಸ ನಿರಾಕರಿಸಿದರೆ: ದೂರು, ದಾಖಲೆ, ಧರಣಿ

ಮೊದಲು ದಿನ ಎಣಿಸಿ. ಉದ್ಯೋಗದಲ್ಲಿನ ತಾರತಮ್ಯದ ದೂರು ಕೇಳುವ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಲು ನಿರಾಕರಿಸಿದ ದಿನದಿಂದ ಇರುವುದು 180 ದಿನ; ರಾಜ್ಯದಲ್ಲೋ ಊರಲ್ಲೋ ತಾರತಮ್ಯ ತಡೆಯುವ ಇಂಥದೇ ಕಾನೂನು ಜಾರಿ ಮಾಡುವ ಸಂಸ್ಥೆಯಿದ್ದರೆ 300. ಫೆಡರಲ್ (ಕೇಂದ್ರ ಸರ್ಕಾರದ) ನೌಕರಿಯಾದರೆ 45 ದಿನದೊಳಗೆ ಆ ಇಲಾಖೆಯ ಇಇಒ (ಸಮಾನ ಉದ್ಯೋಗಾವಕಾಶ) ಕೌನ್ಸೆಲರನ್ನು ಕಾಣಬೇಕು. ಕಂಪನಿಯೊಳಗೆ ಮಾತುಕತೆ ನಡೀತಿದೆ, ಬೀದಿಯಲ್ಲಿ ಧರಣಿ ನಡೀತಿದೆ ಅಂತ ಗಡುವು ನಿಲ್ಲುವುದಿಲ್ಲ.

ಬಣ್ಣದ ಕಾರಣಕ್ಕೆ ನಿರಾಕರಿಸಿದರೆ 1964ರ ನಾಗರಿಕ ಹಕ್ಕು ಕಾಯ್ದೆಯ 7ನೇ ಅಧ್ಯಾಯ. ಕನಿಷ್ಠ 15 ನೌಕರರಿರಬೇಕು. ಸೇನೆಯಲ್ಲಿದ್ದ ಕಾರಣಕ್ಕಾದರೆ ಸೈನಿಕರ ಉದ್ಯೋಗ ಹಕ್ಕು ಕಾಯುವ ಯುಸೆರಾ (USERRA) ಕಾಯ್ದೆ. ಒಬ್ಬನೇ ನೌಕರನಿದ್ದರೂ ಸಾಕು, ದೂರು ಹೋಗುವುದು ಕಾರ್ಮಿಕ ಇಲಾಖೆಗೆ. ಎರಡೂ ಇದ್ದರೆ ಎರಡು ಕಡೆಯೂ ಕೊಡಿ.

ದಾಖಲೆ ಜೋಡಿಸಲು, ಕೆಲಸ ನಿರಾಕರಿಸಿದ ಮೆಕ್‌ಡೊನೆಲ್ ವಿಮಾನ ಕಂಪನಿಯ ಮೇಲೆ ಕಪ್ಪು ವರ್ಣೀಯ ಪರ್ಸಿ ಗ್ರೀನ್ ಹೂಡಿದ ಮೊಕದ್ದಮೆಯೇ ಅಳತೆಗೋಲು. 1973ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೇಳಿದ್ದು ಇಷ್ಟು: ಅಲ್ಪಸಂಖ್ಯಾತ ಜನಾಂಗದವರೇ, ಅರ್ಹತೆಯಿದ್ದು ಅರ್ಜಿ ಹಾಕಿದ್ದರೇ, ತಿರಸ್ಕರಿಸಿದರೇ, ಆಮೇಲೂ ಹುದ್ದೆ ಖಾಲಿಯಿತ್ತೇ? ಕೊನೆಯದಕ್ಕೆ ಸಾಕ್ಷಿ ಸಿಗುವುದೇ ಕಷ್ಟ. ತಿರಸ್ಕಾರದ ಇಮೇಲ್ ಬಂದ ದಿನದಿಂದಲೇ ಜಾಹೀರಾತಿನ ಪುಟವನ್ನು ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯುತ್ತಿರಿ. ಕೆಲಸ ತುಂಬಿದ ಮೇಲೆ ಆ ಪುಟ ಮಾಯವಾಗುತ್ತದೆ. ಅರ್ಹತೆಗೆ ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಡಿ-214 ಪ್ರಮಾಣಪತ್ರದ 'ಮೆಂಬರ್-4' ಪ್ರತಿ ಇಡಿ. 'ಮೆಂಬರ್-1'ರಲ್ಲಿ ಬಿಡುಗಡೆಯ ಸ್ವರೂಪ (ಗೌರವಯುತವೋ ಅಲ್ಲವೋ) ನಮೂದಾಗಿರುವುದಿಲ್ಲ. ಸೇನೆಯಲ್ಲಿ ಮಾಡಿದ ಕೆಲಸವನ್ನು ಜಾಹೀರಾತಿನ ಷರತ್ತುಗಳ ಎದುರು ಸಾಲುಸಾಲಾಗಿ ಬರೆಯಿರಿ. ಸೇನೆಯ ಹುದ್ದೆಯ ಕೋಡ್ ನೋಡಿ ಅರ್ಥ ಮಾಡಿಕೊಳ್ಳುವ ಎಚ್‌ಆರ್ ಸಿಗುವುದು ಅಪರೂಪ.

ಜತೆಗೆ ಕಪ್ಪು ವರ್ಣೀಯರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಸ್ಥಳೀಯ ಶಾಖೆಗೆ ಹೋಗಿ. ಅದೇ ಕಂಪನಿಯಲ್ಲಿ ಹೀಗೇ ಆದವರು ಇನ್ನಾರಿದ್ದಾರೆ ಎಂಬುದು ಅಲ್ಲಿ ಗೊತ್ತಾಗಬಹುದು. ಬೇಡಿಕೆ ಲಿಖಿತವಾಗಿರಲಿ. ಧರಣಿ ಸಾರ್ವಜನಿಕ ಫುಟ್‌ಪಾತ್ ಮೇಲೆ, ಗೇಟಿಗೆ ಅಡ್ಡವಾಗದಂತೆ. ಮೈಕ್, ಮೆರವಣಿಗೆಗೆ ಪರವಾನಗಿ ಬೇಕೇ ಎಂದು ನಗರಾಡಳಿತದಲ್ಲಿ ವಿಚಾರಿಸಿ. ಇದು ಅತಿ ಎಚ್ಚರಿಕೆಯಲ್ಲ. ಸೇನೆಯಲ್ಲೂ ಇದ್ದು ಬಂದಿದ್ದ ಗ್ರೀನ್, 1964ರಲ್ಲಿ ಸೇಂಟ್ ಲೂಯಿಸ್‌ನ ಮೆಕ್‌ಡೊನೆಲ್ ಕಾರ್ಖಾನೆಯ ದಾರಿಗೆ ಕಾರು ಅಡ್ಡ ನಿಲ್ಲಿಸುವ ಪ್ರತಿಭಟನೆಯಲ್ಲಿದ್ದರು. ಮರುವರ್ಷ ಕೆಲಸ ಕೇಳಿದಾಗ ಕಂಪನಿ ಅದನ್ನೇ ನೆಪ ಹೇಳಿತು. ಇಡೀ ದೇಶ ಇಂದಿಗೂ ಬಳಸುವ ಪರೀಕ್ಷೆ ಅವರ ಮೊಕದ್ದಮೆಯಿಂದ ಬಂತು. ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ವಾಪಸ್ ಕಳಿಸಿದಾಗ ಅವರು ಮಾತ್ರ ಕೆಳಗಿನ ಕೋರ್ಟಿನಲ್ಲಿ ಮತ್ತೆ ಸೋತರು.

ಆಯೋಗದ ದೂರಿಗೆ ಶುಲ್ಕವಿಲ್ಲ. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಂಡರೆ ಅದೂ ಕಾನೂನುಬಾಹಿರ, ಹೊಸದಾಗಿ ದಾಖಲಿಸಿ. ಆಯೋಗ ಕಳಿಸುವ, ದಾವೆ ಹೂಡುವ ಹಕ್ಕಿನ ನೋಟಿಸ್ ಕೈಸೇರಿದ ಮೇಲೆ ಕೋರ್ಟಿಗೆ ಹೋಗಲು 90 ದಿನ ಮಾತ್ರ. ಹಾಗಾಗಿ ವಿಳಾಸ, ಇಮೇಲ್ ಬದಲಾದರೆ ಆಯೋಗಕ್ಕೆ ತಕ್ಷಣ ತಿಳಿಸಿ, ನೋಟಿಸ್ ಬರುವ ಮೊದಲೇ ವಕೀಲರನ್ನು ಹುಡುಕಿ.